ಫೋನಿಗೆ ನಿಮ್ಮ ಆಸಕ್ತಿ ತಿಳಿಸುವುದು ಹೇಗೆ?

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರಿಗೆ ಬೇಕಾದದ್ದು ರಾಶಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ಧಾರಣೆ, ಎಲೆಚುಕ್ಕಿ ರೋಗದ ಸುದ್ದಿ, ನಾಳೆಯ ಮಳೆಯ ಮುನ್ಸೂಚನೆ. ಫೋನ್ ತೆರೆದರೆ ಸಿಗುವುದು ಯಾವುದೋ ನಟಿಯ ವಿಚ್ಛೇದನ, ವಾರಭವಿಷ್ಯ, ‘ಈ ಎಲೆ ಜಗಿದರೆ ಸಕ್ಕರೆ ಕಾಯಿಲೆ ಮಾಯ’. ಸೆಟ್ಟಿಂಗ್ಸ್‌ಗೆ ಹೋಗಿ ‘ಕೃಷಿ’ಗೆ ಟಿಕ್ ಹಾಕಿ, ಎರಡು ದಿನ ಕಾದು, ಏನೂ ಬದಲಾಗಲಿಲ್ಲವೆಂದು ಕೈಬಿಟ್ಟವರನ್ನು ಬಹಳ ನೋಡಿದ್ದೇನೆ. ಬೇಕು ಎನ್ನುವುದು ಸುಲಭದ ಭಾಗ. ಬೇಡವಾದದ್ದನ್ನು ಸರಿಯಾಗಿ ಬೇಡ ಎನ್ನುವಲ್ಲಿ ಎಲ್ಲರೂ ಎಡವುತ್ತಾರೆ. ಆಂಡ್ರಾಯ್ಡ್ ಫೋನನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಕ್ರಮವಾಗಿ ನೋಡೋಣ.

1. ಖಾತೆ ಯಾರದು ನೋಡಿ

ಗೂಗಲ್ ಆ್ಯಪ್‌ನ ಮೇಲ್ಗಡೆ ಮೂಲೆಯಲ್ಲಿರುವ ಗುಂಡನೆಯ ಚಿತ್ರ ಒತ್ತಿ. ಅಲ್ಲಿ ಮಗನ ಹೆಸರೋ, ಮೊಬೈಲ್ ಅಂಗಡಿಯವರು ಆತುರದಲ್ಲಿ ಮಾಡಿಕೊಟ್ಟ ಖಾತೆಯೋ ಇದ್ದರೆ ಮುಂದಿನ ಕೆಲಸವೆಲ್ಲ ವ್ಯರ್ಥ. ಒಂದೇ ಖಾತೆಯಲ್ಲಿ ಮೊಮ್ಮಗ ಕಾರ್ಟೂನ್ ನೋಡಿ, ಸೊಸೆ ಸೀರೆ ಹುಡುಕಿ, ನೀವು ಮೈಲುತುತ್ತದ ಬೆಲೆ ಕೇಳಿದರೆ ಮೂವರಿಗೂ ಕಲಸುಮೇಲೋಗರವೇ ಸಿಗುತ್ತದೆ. ನಿಮ್ಮ ಫೋನಿನಲ್ಲಿ ನಿಮ್ಮದೇ ಖಾತೆ ಇರಲಿ.

2. ಭಾಷೆ ಸೇರಿಸಿ

ಫೋನಿನ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿ. ಇಷ್ಟೇ.

3. ಹಳೆಯದನ್ನು ಆರಿಸಿ ತೆಗೆಯಿರಿ

ಖಾತೆಯ ‘ಮೈ ಆ್ಯಕ್ಟಿವಿಟಿ’ ಪುಟದಲ್ಲಿ ನೀವು ಹುಡುಕಿದ್ದು, ತೆರೆದದ್ದು ತಾರೀಖಿನ ಸಮೇತ ಇರುತ್ತದೆ. ಇಲ್ಲಿ ಹೆಚ್ಚಿನವರು ಸಿಟ್ಟಿನಲ್ಲಿ ಎಲ್ಲವನ್ನೂ ಒಟ್ಟಿಗೆ ಅಳಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಅಡಿಕೆಯ ಬಗ್ಗೆ ನೀವು ಹುಡುಕಿದ್ದೂ ಅದರೊಂದಿಗೆ ಹೋಗುತ್ತದೆ. ನಿಮ್ಮ ಬಗ್ಗೆ ಏನೂ ಗೊತ್ತಿಲ್ಲದಾಗ ಗೂಗಲ್ ಊರಿಗೆಲ್ಲ ತೋರಿಸುವುದನ್ನೇ ನಿಮಗೂ ತೋರಿಸುತ್ತದೆ, ಅಂದರೆ ಮತ್ತೆ ಅದೇ ನಟಿ, ಅದೇ ವಾರಭವಿಷ್ಯ. ಪುಟದ ಮೇಲಿನ ಹುಡುಕುಪಟ್ಟಿಯಲ್ಲಿ ‘ಜಾತಕ’, ‘ವೈರಲ್’ ಎಂದೆಲ್ಲ ಟೈಪ್ ಮಾಡಿ, ಬಂದವನ್ನು ಮಾತ್ರ ಅಳಿಸಿ.

ಅಲ್ಲೇ ‘ಆಟೋ ಡಿಲೀಟ್’ ಇದೆ, ಅಂದರೆ ಇಷ್ಟು ಹಳೆಯದಾದದ್ದನ್ನು ತಾನಾಗಿಯೇ ಅಳಿಸುವ ಏರ್ಪಾಡು. 3, 18, 36 ತಿಂಗಳು ಎಂಬ ಮೂರು ಆಯ್ಕೆ. 2020ರ ಜೂನ್ ನಂತರದ ಹೊಸ ಖಾತೆಗಳಿಗೆ ಗೂಗಲ್ ತಾನಾಗಿಯೇ 18 ತಿಂಗಳು ಇಟ್ಟಿದೆ. ಹಳೆಯ ಖಾತೆಯಾದರೆ ನೀವೇ ಹಾಕಿಕೊಳ್ಳಬೇಕು. 3 ತಿಂಗಳನ್ನೇ ಆರಿಸಿ. ಯಾರದೋ ಮದುವೆಗೆಂದು ಒಮ್ಮೆ ಹುಡುಕಿದ ಕಲ್ಯಾಣಮಂಟಪ ವರ್ಷಗಟ್ಟಲೆ ಬೆನ್ನುಬೀಳುವುದು ಯಾರಿಗೂ ಬೇಡ.

4. ಬೇಡ ಎನ್ನುವುದು

ಸಾವಧಾನವಾಗಿ ಮಾಡಬೇಕಾದ ಕೆಲಸ ಇದು. ಗೂಗಲ್ ಡಿಸ್ಕವರ್‌ನಲ್ಲಿ, ಅಂದರೆ ಹೋಮ್ ಸ್ಕ್ರೀನ್ ಬಲಕ್ಕೆ ಸರಿಸಿದರೆ ಬರುವ ಸುದ್ದಿಸಾಲಿನಲ್ಲಿ, ಪ್ರತಿ ಸುದ್ದಿಯ ಕೆಳಗೆ ಮೂರು ಚುಕ್ಕಿ ಇರುತ್ತದೆ. ಒತ್ತಿದರೆ ‘ನಾಟ್ ಇಂಟರೆಸ್ಟೆಡ್’ ಎಂದು ಒಂದು ಸಾಲು, ‘ಡೋಂಟ್ ಶೋ’ ಎಂದು ಜಾಲತಾಣದ ಹೆಸರಿನ ಜೊತೆ ಇನ್ನೊಂದು ಸಾಲು. ಮೊದಲನೆಯದು ವಿಷಯಕ್ಕೆ, ಎರಡನೆಯದು ಆ ತಾಣಕ್ಕೆ.

ಮೊದಲ ಸಾಲು ಒತ್ತುವ ಮುನ್ನ ಅದರಲ್ಲಿ ಯಾವ ವಿಷಯದ ಹೆಸರಿದೆ ಎಂದು ಪೂರ್ತಿ ಓದಿ. ಬೆಂಗಳೂರಿನ ಯಾವುದೋ ಸಿನಿಮಾ ಗಾಸಿಪ್ ಕಂಡು ನೀವು ಚುಕ್ಕಿ ಒತ್ತಿರುತ್ತೀರಿ, ಆದರೆ ಅಲ್ಲಿ ಬರೆದಿರುವ ವಿಷಯ ‘ಬೆಂಗಳೂರು’ ಎಂದಿರಬಹುದು. ಒತ್ತಿದರೆ ಗಾಸಿಪ್ ಉಳಿದು, ಬೆಂಗಳೂರಿನ ಉಪಯುಕ್ತ ಸುದ್ದಿ ಹೋಗುತ್ತದೆ. ವಿಷಯದ ಹೆಸರು ಇಷ್ಟು ಅಗಲವಾಗಿದ್ದರೆ ಅದನ್ನು ಬಿಟ್ಟು ತಾಣವನ್ನೇ ತಡೆಯಿರಿ. ಕಸ ಬರುವುದು ಸಾಮಾನ್ಯವಾಗಿ ಕೆಲವೇ ತಾಣಗಳಿಂದ.

ತಾಣ ತಡೆಯುವುದೇ ಮೇಲು ಎನ್ನಲು ನನ್ನ ಬಳಿ ಕಾರಣವಿದೆ. ಫೈರ್‌ಫಾಕ್ಸ್ ಬ್ರೌಸರ್‌ನ ಹಿಂದಿರುವ ಲಾಭರಹಿತ ಸಂಸ್ಥೆ ಮೊಜಿಲ್ಲಾ ಫೌಂಡೇಶನ್ 2022ರಲ್ಲಿ ಯೂಟ್ಯೂಬ್‌ನ ಈ ಬಗೆಯ ಬಟನ್‌ಗಳನ್ನು ಪರೀಕ್ಷಿಸಿತ್ತು. ಸ್ವಯಂಸೇವಕರಾಗಿ ಪಾಲ್ಗೊಂಡವರು 22 ಸಾವಿರಕ್ಕೂ ಹೆಚ್ಚು. ‘ಈ ಚಾನೆಲ್ ತೋರಿಸಬೇಡ’ ಎಂಬ ಬಟನ್ ಬೇಡದ ವಿಡಿಯೊಗಳಲ್ಲಿ ಶೇ 43ರಷ್ಟನ್ನು ತಡೆಯಿತು. ನೋಡಿದ ಪಟ್ಟಿಯಿಂದ ಅಳಿಸಿದ್ದು ಶೇ 29ರಷ್ಟನ್ನು. ಎಲ್ಲರೂ ನಂಬಿ ಒತ್ತುವ ‘ಡಿಸ್‌ಲೈಕ್’ ಶೇ 12, ‘ನಾಟ್ ಇಂಟರೆಸ್ಟೆಡ್’ ಶೇ 11 ಮಾತ್ರ. ಯೂಟ್ಯೂಬ್‌ನಲ್ಲಿ ಹೆಬ್ಬೆರಳು ಕೆಳಗೆ ಮಾಡುತ್ತ ಕೂರುವ ಬದಲು ಚಾನೆಲ್ಲನ್ನೇ ತಡೆದು, ಆ ವಿಡಿಯೊವನ್ನು ಹಿಸ್ಟರಿಯಿಂದ ಅಳಿಸಿ.

ಇನ್ನೊಂದು ಮಾತು. ‘ಏನು ಬರೆದಿದ್ದಾರೆ ನೋಡೇಬಿಡೋಣ’ ಎಂದು ಬೈಯುತ್ತಲೇ ಸುದ್ದಿ ತೆರೆಯುವವರಿದ್ದಾರೆ. ನೀವು ಬೈದದ್ದು ಫೋನಿಗೆ ಕೇಳಿಸುವುದಿಲ್ಲ, ತೆರೆದದ್ದು ಮಾತ್ರ ದಾಖಲಾಗುತ್ತದೆ. ತೆರೆಯದೆಯೇ ಚುಕ್ಕಿ ಒತ್ತುವ ಅಭ್ಯಾಸ ಮಾಡಿಕೊಳ್ಳಿ. ತಪ್ಪಿ ಬೇಕಾದದ್ದನ್ನೇ ತಡೆದಿದ್ದರೆ ಗಾಬರಿ ಬೇಡ. ಗೂಗಲ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಆಸಕ್ತಿಗಳ ಭಾಗಕ್ಕೆ ಹೋಗಿ, ತಡೆದವುಗಳ ಪಟ್ಟಿಯಿಂದ ವಾಪಸು ತರಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಕಸ ಬರುತ್ತಿದ್ದರೆ ಮೂಲ ಬೇರೆ ಇರುತ್ತದೆ. ಯಾವುದೋ ತಾಣ ಕೇಳಿದ ‘ಅಲೋ’ ಒತ್ತಿ ನೋಟಿಫಿಕೇಶನ್‌ಗೆ ಒಪ್ಪಿರುತ್ತೀರಿ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಅಂಥವನ್ನೆಲ್ಲ ಕಿತ್ತುಹಾಕಿ. ಲಾಕ್ ಸ್ಕ್ರೀನ್ ಮೇಲೆ ಸುದ್ದಿ ಚಿತ್ರ ಬದಲಾಯಿಸುವ, ಫೋನಿನ ಜೊತೆಗೇ ಬರುವ ಆ್ಯಪ್‌ಗಳನ್ನು ಆಫ್ ಮಾಡಿ. ಸುದ್ದಿ ಓದಲು ಕಾಂಟ್ಯಾಕ್ಟ್ಸ್ ಕೇಳುವ ಆ್ಯಪ್ ಇದ್ದರೆ ಇಟ್ಟುಕೊಳ್ಳಲೇಬೇಡಿ.

5. ಹುಡುಕಾಟ ಬೇರೆ

ಸುದ್ದಿಸಾಲು ನಿಮ್ಮ ಅಭಿರುಚಿಯ ಮೇಲೆ ನಿಂತಿದೆ. ಹುಡುಕಾಟದ ಫಲಿತಾಂಶ ಹೆಚ್ಚಾಗಿ ನೀವಿರುವ ಜಾಗ, ಭಾಷೆ ಮತ್ತು ಟೈಪ್ ಮಾಡಿದ ಪದಗಳ ಮೇಲೆ ನಿಂತಿದೆ. ಬರೀ ‘ಅಡಿಕೆ ರೇಟ್’ ಎನ್ನಬೇಡಿ. ‘ಶಿವಮೊಗ್ಗ ರಾಶಿ ಅಡಿಕೆ ಧಾರಣೆ’ ಎನ್ನಿ. ಪುತ್ತೂರಿನವರಾದರೆ ಅಲ್ಲಿನ ಅಡಿಕೆಯ ಬಗೆಯಾದ ಚಾಲಿ ಎಂದು ಬರೆಯಿರಿ. ಬೇಡದ ಪದಕ್ಕೆ ಮೊದಲು, ನಡುವೆ ಜಾಗ ಬಿಡದೆ, ಮೈನಸ್ ಚಿಹ್ನೆ ಹಾಕಿದರೆ ಆ ಪದವಿರುವ ಪುಟಗಳು ಹೋಗುತ್ತವೆ. ಧಾರಣೆಗೆ ಸುದ್ದಿತಾಣವನ್ನು ನೆಚ್ಚುವುದೇ ತಪ್ಪು. ಸರ್ಕಾರದ ‘ಕೃಷಿ ಮಾರಾಟ ವಾಹಿನಿ’ ತಾಣವನ್ನು ಬುಕ್‌ಮಾರ್ಕ್ ಮಾಡಿಕೊಳ್ಳಿ.

ಲಾಗೌಟ್ ಆದರೆ ಗೂಗಲ್‌ಗೆ ನಾವು ಯಾರೆಂದು ತಿಳಿಯುವುದಿಲ್ಲ ಎಂಬ ನಂಬಿಕೆ ಹಲವರಿಗಿದೆ. 2009ರ ಡಿಸೆಂಬರ್‌ನಲ್ಲೇ ಗೂಗಲ್ ಲಾಗಿನ್ ಆಗದವರ ಫಲಿತಾಂಶವನ್ನೂ ಬ್ರೌಸರ್ ಕುಕಿ (ತಾಣಗಳು ಬ್ರೌಸರ್‌ನಲ್ಲಿ ಇಟ್ಟುಹೋಗುವ ಗುರುತಿನ ಚೀಟಿ) ನೋಡಿ ಹೊಂದಿಸಲು ಶುರುಮಾಡಿತ್ತು. ಕಾಯಿಲೆ, ಔಷಧ, ಸಾಲದಂಥ ವಿಷಯವನ್ನು ಕ್ರೋಮ್‌ನ ಇನ್‌ಕಾಗ್ನಿಟೊ ಎಂಬ ಖಾಸಗಿ ಟ್ಯಾಬ್‌ನಲ್ಲಿ ಹುಡುಕಿ. ಜಾಗ ಆಗಲೂ ಗೊತ್ತಾಗುತ್ತದೆ, ಆದರೆ ಹುಡುಕಿದ್ದು ನಿಮ್ಮ ಖಾತೆಗೆ ಅಂಟಿಕೊಳ್ಳುವುದಿಲ್ಲ.

6. ಊಹೆಯೇ ಬೇಡವೆಂದರೆ

ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಆರ್‌ಎಸ್‌ಎಸ್ ಫೀಡ್, ಅಂದರೆ ತಾಣವೊಂದು ತನ್ನ ಹೊಸ ಬರಹಗಳ ಪಟ್ಟಿಯನ್ನು ತಾನೇ ಒದಗಿಸುವ ವ್ಯವಸ್ಥೆ. ಫೀಡ್ ಓದಲು ಇದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿತಾದರೂ ಫೀಡ್‌ಗಳು ಸತ್ತಿಲ್ಲ. ಫೀಡ್ಲಿ, ಇನೊರೀಡರ್ ಆ್ಯಪ್‌ಗಳಲ್ಲಿ ನೀವು ಆರಿಸಿದ ತಾಣಗಳ ಬರಹಗಳನ್ನು ಬಂದ ಕ್ರಮದಲ್ಲೇ ಓದಬಹುದು. ಫೀಡ್ ಕೊಡದ ತಾಣಗಳ ಸುದ್ದಿಗೆ ಗೂಗಲ್ ಅಲರ್ಟ್ಸ್ ಸಾಕು. ನಿಮ್ಮ ಪದ ಕೊಟ್ಟರೆ ಹೊಸ ಪುಟ ಸಿಕ್ಕಾಗ ಇಮೇಲ್ ಬರುತ್ತದೆ. ಪತ್ರಿಕೆಗಳು ಎಲೆಚುಕ್ಕಿ, ಎಲೆಚುಕ್ಕೆ ಎಂದು ಎರಡೂ ರೀತಿ ಬರೆಯುವುದರಿಂದ ಎರಡು ಅಲರ್ಟ್ ಇಡಿ. ಎಷ್ಟು ಸಲ ಕಳುಹಿಸಬೇಕು ಎಂದು ಕೇಳಿದಾಗ ‘ದಿನಕ್ಕೊಮ್ಮೆ’ ಎಂದೇ ಆರಿಸಿ. ಸಿಕ್ಕ ತಕ್ಷಣ ಕಳುಹಿಸು ಎಂದರೆ ಇನ್‌ಬಾಕ್ಸ್ ತುಂಬಿ, ವಾರದೊಳಗೆ ನೀವೇ ಅಲರ್ಟ್ ಅಳಿಸುತ್ತೀರಿ.