ವೇಳಾಪಟ್ಟಿ ಹಾಕುವಾಗಲೇ ಹೋಂವರ್ಕನ್ನೂ ಹಂಚಿ

ಜೂನ್ ಬಂತೆಂದರೆ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಶೀಟು, ಸ್ಕೇಲು, ಪೆನ್ಸಿಲು ಹರಡಿಕೊಳ್ಳುತ್ತವೆ. ನಾನು ಹಲವು ವರ್ಷ ವೇಳಾಪಟ್ಟಿ ಹಾಕಿದ್ದೇನೆ. ಪೀರಿಯಡ್ಡುಗಳನ್ನು ಎಲ್ಲರೂ ಜೋಪಾನವಾಗಿ ಹಂಚುತ್ತೇವೆ. ಹೋಂವರ್ಕನ್ನು ಮಾತ್ರ ಹಂಚುವುದೇ ಇಲ್ಲ. ಎರಡೂ ಒಂದೇ ಹಾಳೆಯಲ್ಲಿ ಆಗಬೇಕು.

ಮೊದಲು ಲೆಕ್ಕ. ನಮ್ಮಲ್ಲಿ ಎಂಟು, ಒಂಬತ್ತು, ಹತ್ತಕ್ಕೆ ಒಂದೊಂದೇ ವಿಭಾಗ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 40 ನಿಮಿಷದ 8 ಪೀರಿಯಡ್, ಶನಿವಾರ ಬೆಳಗಿನ ಶಾಲೆಗೆ 5. ತರಗತಿಗೆ ವಾರಕ್ಕೆ 45, ಮೂರಕ್ಕೂ ಸೇರಿ 135.

ಆಮೇಲೆ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ 135 ಚೀಟಿ ಮಾಡಿ. ಒಬ್ಬೊಬ್ಬ ಶಿಕ್ಷಕರಿಗೆ ಒಂದೊಂದು ಬಣ್ಣದ ಗೆರೆ ಎಳೆಯಿರಿ. ಮೊದಲು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಮೇಷ್ಟ್ರ ಚೀಟಿಗಳನ್ನು ಇಡಿ. ಗಣಿತವೂ ಅವರದೇ, ಭೌತಶಾಸ್ತ್ರವೂ ಅವರದೇ. ತರಗತಿಗೆ ಗಣಿತ 7, ವಿಜ್ಞಾನದಲ್ಲಿ ಅವರ ಪಾಲು 3 ಎಂದರೂ ವಾರಕ್ಕೆ 30 ಆಯಿತು. ಇವರನ್ನು ಕೊನೆಗೆ ಇಟ್ಟುಕೊಂಡರೆ ಇಡೀ ಪಟ್ಟಿ ಅಳಿಸಬೇಕಾಗುತ್ತದೆ. ಹಾಳೆಯಲ್ಲಿ ಮೂರು ತರಗತಿಯ ಸಾಲು ಒಂದರ ಕೆಳಗೊಂದು ಇರಲಿ, ಚೀಟಿ ಇಟ್ಟ ಮೇಲೆ ಮೇಲಿನಿಂದ ಕೆಳಕ್ಕೆ ಕಣ್ಣಾಡಿಸಿ. ಒಂದೇ ಹೊತ್ತಿಗೆ ಒಂದೇ ಬಣ್ಣ ಎರಡು ತರಗತಿಯಲ್ಲಿ ಕಂಡರೆ, ಅಲ್ಲಿ ಒಂದು ಕ್ಲಾಸು ಖಾಲಿ ಕೂರುತ್ತದೆ.

ಗಣಿತ ಬೆಳಗ್ಗೆಯೇ ಇರಲಿ. ಬಿಸಿಯೂಟ ಆದ ಮೇಲೆ ಮಕ್ಕಳ ಕಣ್ಣು ಎಳೆಯುತ್ತದೆ, ಆಗ ಪ್ರಯೋಗವೋ ಚಿತ್ರಕಲೆಯೋ ಒಳ್ಳೆಯದು. ಹತ್ತನೇ ಕ್ಲಾಸಿನ ಆಟದ ಪೀರಿಯಡ್ಡನ್ನು ದಯವಿಟ್ಟು ಯಾರಿಗೂ ಬಿಟ್ಟುಕೊಡಬೇಡಿ. ಸ್ಪೆಷಲ್ ಕ್ಲಾಸು ಮುಗಿಸಿ ಹೋಗುವ ಆ ಮಕ್ಕಳಿಗೆ ಆಡಲು ಬೇರೆ ಹೊತ್ತೇ ಇಲ್ಲ.

ಈಗ ಹೋಂವರ್ಕ್. ಒಮ್ಮೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನೋಟ್ ಬುಕ್ ತೋರಿಸುವಾಗ ಬೆರಳು ಮಡಚಲು ಕಷ್ಟಪಡುತ್ತಿದ್ದಳು. ಬಸ್ಸಿಳಿದು ಮನೆ ಸೇರುವಾಗಲೇ ಆರೂವರೆ. ಅವತ್ತು ಐದು ವಿಷಯದವರು ಕೆಲಸ ಕೊಟ್ಟಿದ್ದೆವು. ಸಮಾಜ ವಿಜ್ಞಾನದ ಪ್ರಶ್ನೆಗಳನ್ನೂ ಸೇರಿಸಿ ಉತ್ತರ ಬರೆಯಲು ಹೇಳಿದ್ದವನು ನಾನೇ. ಅವಳು ಬರೆದು ಮುಗಿಸುವಾಗ ರಾತ್ರಿ ಹನ್ನೊಂದೂವರೆ. ನಾವ್ಯಾರೂ ಜಾಸ್ತಿ ಕೊಟ್ಟಿರಲಿಲ್ಲ, ತಲಾ ಅರ್ಧ ಗಂಟೆಯದು ಅಂದುಕೊಂಡಿದ್ದೆವು. ಕೂಡಿಸಿ ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಅದಕ್ಕೇ ಪಟ್ಟಿಯ ಕೆಳಗೆ ಹೋಂವರ್ಕಿಗೆಂದೇ ಇನ್ನೊಂದು ಸಾಲು ಎಳೆಯಿರಿ. 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ ಆರರಿಂದ ಎಂಟನೇ ತರಗತಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಒಂಬತ್ತರಿಂದ ಮೇಲೆ ಎರಡು ಗಂಟೆ ಎನ್ನುತ್ತದೆ. ಹಾಗಾಗಿ ಗಣಿತಕ್ಕೆ ದಿನಾ ನಾಲ್ಕೇ ಲೆಕ್ಕ. ಕನ್ನಡ, ಇಂಗ್ಲಿಷ್, ಹಿಂದಿ ಬೇರೆ ಬೇರೆ ದಿನ. ವಿಜ್ಞಾನದ ಚಿತ್ರ ಬಿಡಿಸುವುದು ಶನಿವಾರ, ಮಧ್ಯಾಹ್ನ ಪೂರ್ತಿ ಸಿಗುತ್ತದೆ ಅಲ್ವಾ. ಪ್ರಶ್ನೆಯನ್ನು ಸುಮ್ನೆ ನಕಲು ಮಾಡಿಸಬೇಡಿ, ಪ್ರಶ್ನೆ ಸಂಖ್ಯೆ ಸಾಕು.

ಕರಿಹಲಗೆಯ ಬಲ ಮೂಲೆಯಲ್ಲಿ ಒಂದು ಚೌಕ ಹಾಕಿಸಿ. ಕೆಲಸ ಕೊಟ್ಟವರು ವಿಷಯ, ಅಂದಾಜು ನಿಮಿಷ ಬರೆಯಬೇಕು. ಸಂಜೆವರೆಗೆ ಅದನ್ನು ಒರೆಸಬಾರದು. ಕೊನೆಯ ಪೀರಿಯಡ್ಡಿಗೆ ಬಂದವರಿಗೆ ಒಟ್ಟು ಎಷ್ಟಾಯಿತೆಂದು ಕಾಣುತ್ತದೆ. ಕೇಳುವುದೇ ಬೇಡ, ತಾವೇ ಕಡಿಮೆ ಮಾಡುತ್ತಾರೆ.

ಪರೀಕ್ಷೆಗಳನ್ನೂ ಗುರುತು ಹಾಕಿಕೊಳ್ಳಿ. ವರ್ಷಕ್ಕೆ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ, ಪಾಠದ ನಡುವೆ ಆಗುವುದು) ನಾಲ್ಕು, ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ, ಅವಧಿಯ ಕೊನೆಗೆ ಆಗುವುದು) ಎರಡು. ಆ ವಾರಗಳಲ್ಲಿ ಹೊಸ ಕೆಲಸ ಬೇಡ. ಎಸ್ಸೆಸ್ಸೆಲ್ಸಿಗೆ ಆಂತರಿಕ ಅಂಕಗಳಿರುವುದರಿಂದ ಎಲ್ಲ ವಿಷಯಕ್ಕೂ ಪ್ರಾಜೆಕ್ಟ್ ಇರುತ್ತದೆ. ಎರಡು ವಾರಕ್ಕೆ ಒಂದರಂತೆ ಸಲ್ಲಿಸುವ ದಿನವನ್ನು ಈಗಲೇ ಬರೆದಿಡಿ.

ಪಟ್ಟಿಯ ಒಂದು ಪ್ರತಿ ಮಕ್ಕಳ ಮನೆಗೂ ಹೋಗಲಿ. ಅತಿಥಿ ಶಿಕ್ಷಕರು ಬಂದು ಸೇರುವವರೆಗೆ ಎಲ್ಲವೂ ಪೆನ್ಸಿಲಿನಲ್ಲೇ ಇರಲಿ, ಪೆನ್ನು ಆಮೇಲೆ.