ದಂಡ ಕಂಪೆನಿಗಲ್ಲ, ಸಹಿ ಹಾಕಿದವರಿಗೆ ಬೀಳಬೇಕಾದರೆ

ಕೊಡಗಿನಲ್ಲಿ ಕಂಪೆನಿ ಹೆಸರಿನ ಕಾಫಿ ತೋಟಗಳಿಂದ ನನ್ನ ಹತ್ತಿರ ಬರುವ ದೂರುಗಳು ಹೆಚ್ಚಾಗಿ ‘ಕಂಪೆನಿ ಮೋಸ ಮಾಡಿದೆ’ ಎಂದೇ ಶುರುವಾಗುತ್ತವೆ. ಆ ವಾಕ್ಯವನ್ನು ಮೊದಲು ಹೊಡೆದುಹಾಕುತ್ತೇನೆ. ಕಂಪೆನಿಗೆ ದಂಡ ಬಿದ್ದರೆ ಹೋಗುವುದು ಷೇರುದಾರರ ಹಣ; ಎಂ.ಡಿ. (ವ್ಯವಸ್ಥಾಪಕ ನಿರ್ದೇಶಕ) ಜೇಬಿಗೆ ಏನೂ ಆಗುವುದಿಲ್ಲ. ಯಾವ ತೀರ್ಮಾನ, ಯಾವ ದಿನ, ಯಾರ ಸಹಿ ಎಂಬುದು ದೂರಿನಲ್ಲಿರಬೇಕು.

ಪಿಎಫ್‌ನಿಂದ ಶುರು ಮಾಡುವುದು ಸುಲಭ, ಲೆಕ್ಕ ಅಲ್ಲಿ ನೇರ. 15,000 ರೂಪಾಯಿ ಸಂಬಳಕ್ಕೆ ಕಾರ್ಮಿಕರ ಪಾಲು 12%, ಅಂದರೆ 1,800. ಅದು ಮುಂದಿನ ತಿಂಗಳ 15ರೊಳಗೆ ಕಟ್ಟಿರಬೇಕು. ಸಂಬಳ ಚೀಟಿ, ಚೆಕ್‌ರೋಲ್ (ಹಾಜರಿ-ಕೂಲಿ ಪುಸ್ತಕ) ಪುಟ, ಯುಎಎನ್ (ಕಾರ್ಮಿಕರ ಪಿಎಫ್ ಸಂಖ್ಯೆ) ಪಾಸ್‌ಬುಕ್ ಮೂರನ್ನೂ ತಿಂಗಳುವಾರು ಪಕ್ಕಪಕ್ಕ ಇಡಿ. ಹಿಡಿದ ಹಣ ಕಟ್ಟದಿದ್ದರೆ ಅದು ಬರೀ ಬಾಕಿಯಲ್ಲ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 316ರ ವಿವರಣೆಯಂತೆ ನಂಬಿಕೆ ದ್ರೋಹ. 2024ರ ಜುಲೈ 1ಕ್ಕೆ ಮುಂಚೆ ನಡೆದದ್ದಕ್ಕೆ ಹಳೆಯ ಐಪಿಸಿ 405, 406 ಹಾಕಬೇಕು. ಎರಡನ್ನೂ ಬೆರೆಸಿ ಬರೆದರೆ ಎದುರು ವಕೀಲರು ಮೊದಲು ಹಿಡಿಯುವುದು ಅದನ್ನೇ. ಲೈನ್ ಮನೆಯಲ್ಲಿರುವವರಿಂದ (ತೋಟ ಕೊಟ್ಟ ಸಾಲುಮನೆಯ ಕಾರ್ಮಿಕರಿಂದ) ಮೊದಲೇ ಸಹಿ ಹಾಕಿಸಬೇಡಿ, ಮನೆ ಬಿಡಿಸುವ ಬೆದರಿಕೆ ಮಾರನೇ ದಿನವೇ ಬರುತ್ತದೆ. ನಿವೃತ್ತರಾದ ರೈಟರ್ (ತೋಟದ ಗುಮಾಸ್ತ), ಕೆಲಸ ಬಿಟ್ಟ ಮೇಸ್ತ್ರಿ ಮುಂದೆ ನಿಲ್ಲಲಿ. ಯುಎಎನ್ ಇಲ್ಲದ ಅಸ್ಸಾಂ ಕಾರ್ಮಿಕರ ಹೆಸರುಗಳನ್ನು ಬೇರೆ ಪಟ್ಟಿ ಮಾಡಿ. ಇಲ್ಲದ ಆಳುಗಳ ಹೆಸರಿನಲ್ಲಿ ಸಂಬಳ ಎತ್ತಿದ್ದರೆ ಆ ಪಟ್ಟಿಯಲ್ಲೇ ಸಿಗುತ್ತದೆ.

ಷೇರುದಾರರ ಹಣ ಸೋರುವ ಜಾಗ ಬೇರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಔಟ್‌ಟರ್ನ್, ಅಂದರೆ ಒಂದು ಚೀಲ ಚೆರ್ರಿಗೆ (ಒಣಗಿಸಿದ ಕಾಫಿ ಹಣ್ಣಿಗೆ) ಎಷ್ಟು ಬೀಜ ಬಂತು ಎಂಬ ಲೆಕ್ಕ. 50 ಕಿಲೋ ರೋಬಸ್ಟಾ ಚೆರ್ರಿ ಚೀಲದಿಂದ ಸಾಮಾನ್ಯವಾಗಿ 26ರಿಂದ 28 ಕಿಲೋ ಬೀಜ ಬರುತ್ತದೆ. ಪುಸ್ತಕದಲ್ಲಿ 24 ಎಂದು ಬರೆದು 27 ಬಂದಿದ್ದರೆ ಸಾವಿರ ಚೀಲಕ್ಕೆ 3,000 ಕಿಲೋ ಮಾಯ. ಒಂದು ವರ್ಷದ ಕಡಿಮೆ ಔಟ್‌ಟರ್ನ್‌ಗೆ ಮಳೆ, ಬೋರರ್ ಹುಳು ಎಂದು ನೆಪ ಹೇಳಬಹುದು, ಪ್ರತಿ ವರ್ಷವೂ ಹೇಳಲಾಗದು. ಗೇಟ್ ಪಾಸ್, ತೂಕದ ಚೀಟಿ, ಕ್ಯೂರಿಂಗ್ ವರ್ಕ್ಸ್‌ನ (ಕಾಫಿ ಸಂಸ್ಕರಣಾ ಘಟಕದ) ಲೆಕ್ಕ, ಬಿಲ್ಲು, ಇವನ್ನು ಅದೇ ದಿನದ ಕಾಫಿ ಬೋರ್ಡ್ ದರಕ್ಕೆ ಹೋಲಿಸಿ. ಕೊಂಡ ಸಂಸ್ಥೆ ಕಂಪೆನಿಯಾಗಿದ್ದರೆ ಅದರ ನಿರ್ದೇಶಕರು ಯಾರೆಂದು ನೋಡಿ. ಎಂ.ಡಿ. ಭಾಮೈದನೇ ಇದ್ದರೆ ಆಶ್ಚರ್ಯಪಡಬೇಡಿ.

ಇದಕ್ಕೆಲ್ಲ ಬೆಂಗಳೂರಿಗೆ ಓಡಬೇಕಿಲ್ಲ. ಕಂಪೆನಿ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಕಟ್ಟಿ ಕಂಪೆನಿಯ ಕಡತ ತೆರೆಯಬಹುದು. ಅಲ್ಲಿ ಎಒಸಿ-4 ನಮೂನೆಯಲ್ಲಿ ಲೆಕ್ಕಪತ್ರ ಮತ್ತು ಸಂಬಂಧಿಕರ ಜೊತೆಗಿನ ವ್ಯವಹಾರದ ಟಿಪ್ಪಣಿ, ಡಿಐಆರ್-12ರಲ್ಲಿ ಯಾರು ಯಾವಾಗ ನಿರ್ದೇಶಕರಾದರು, ಬಿಟ್ಟರು ಎಂಬುದು ಇರುತ್ತದೆ. ಮಹಾಸಭೆಯ ನಡಾವಳಿ ನೋಡುವ ಹಕ್ಕು ಸದಸ್ಯರಿಗೆ (ಷೇರುದಾರರಿಗೆ) 2013ರ ಕಂಪೆನಿ ಕಾಯ್ದೆಯ ಸೆಕ್ಷನ್ 119ರಲ್ಲಿದೆ, ಸೆಕ್ಷನ್ 189ರ ಒಪ್ಪಂದಗಳ ರಿಜಿಸ್ಟರಿಗೂ ಅಷ್ಟೇ. ಆಡಳಿತ ಮಂಡಳಿಯ ನಡಾವಳಿ ಮಾತ್ರ ಕೇಳಿದ ಕೂಡಲೇ ಸಿಗದು. ಅದನ್ನು ತರಿಸಿಕೊಡಿ ಎಂದು ರಾಷ್ಟ್ರೀಯ ಕಂಪೆನಿ ಕಾನೂನು ನ್ಯಾಯಮಂಡಳಿಯಲ್ಲಿ (ಎನ್‌ಸಿಎಲ್‌ಟಿ) ಕೇಳಿ. ಏಕೆಂದರೆ ಸೆಕ್ಷನ್ 2(60)ರಂತೆ, ಕಾಯ್ದೆ ಮುರಿದದ್ದು ನಡಾವಳಿಯಿಂದ ಗೊತ್ತಾಗಿಯೂ ಆಕ್ಷೇಪಿಸದ ನಿರ್ದೇಶಕರೂ ಹೊಣೆಗಾರರು. ‘ನಾನು ಬರೀ ಸಹಿ ಹಾಕಿದೆ’ ಎನ್ನುವವರು ಇಲ್ಲೇ ಸಿಕ್ಕಿಬೀಳುತ್ತಾರೆ.

ದಬ್ಬಾಳಿಕೆ, ದುರಾಡಳಿತದ ವಿರುದ್ಧ ಸದಸ್ಯರು ಹಾಕುವ ಸೆಕ್ಷನ್ 241ರ ಅರ್ಜಿ ಬೆಂಗಳೂರಿನ ಎನ್‌ಸಿಎಲ್‌ಟಿ ಪೀಠಕ್ಕೆ. ಅದಕ್ಕೆ 100 ಸದಸ್ಯರು ಅಥವಾ ಒಟ್ಟು ಸದಸ್ಯರ ಹತ್ತರಲ್ಲೊಂದು, ಯಾವುದು ಕಡಿಮೆಯೋ ಅಷ್ಟು ಜನ ಬೇಕು. ಇಲ್ಲವೇ ಷೇರು ಬಂಡವಾಳದ ಹತ್ತರಲ್ಲೊಂದು ಪಾಲು. ನಮ್ಮ ಕಡೆ ಲೆಕ್ಕ ತಪ್ಪುವುದು ಇಲ್ಲೇ: ಷೇರು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿ, ಮೊಮ್ಮಕ್ಕಳ ಹೆಸರು ರಿಜಿಸ್ಟರಿನಲ್ಲೇ ಇಲ್ಲ. ವಾರಸು ವರ್ಗಾವಣೆ ಮೊದಲು ಮುಗಿಸಿ. ಅರ್ಜಿ ಹಾಕಿದ ಮೇಲೆ ಒತ್ತಡಕ್ಕೆ ಮಣಿದು ಕೆಲವರು ಹಿಂದೆ ಸರಿದರೆ ಗಾಬರಿ ಬೇಡ. ಸಂಖ್ಯೆ ನೋಡುವುದು ಅರ್ಜಿ ಸಲ್ಲಿಸಿದ ದಿನದ್ದು ಎಂದು ಸುಪ್ರೀಂ ಕೋರ್ಟ್ ರಾಜಮಹೇಂದ್ರಿ ವಿದ್ಯುತ್ ಕಂಪೆನಿಯ ಪ್ರಕರಣದಲ್ಲೇ ಹೇಳಿದೆ. ಅರ್ಜಿಯ ಕೇಳಿಕೆಯಲ್ಲಿ ಸೆಕ್ಷನ್ 242(2)ರಂತೆ ನಿರ್ದೇಶಕರ ಅಕ್ರಮ ಲಾಭವನ್ನು ಅವರಿಂದಲೇ ವಸೂಲಿ ಮಾಡಿ, ನಷ್ಟವಾದವರಿಗೆ ಕೊಡಿಸಬೇಕೆಂದು ಬಿಡಿಸಿ ಬರೆಯಿರಿ.

ಜೈಲಿನ ಮಾತು ವಂಚನೆಗೆ ಶಿಕ್ಷೆ ಹೇಳುವ ಸೆಕ್ಷನ್ 447ರದ್ದು. ವಂಚನೆಯ ಮೊತ್ತ 10 ಲಕ್ಷ ಅಥವಾ ಕಂಪೆನಿ ವಹಿವಾಟಿನ 1%, ಇವುಗಳಲ್ಲಿ ಕಡಿಮೆಯದನ್ನು ಮುಟ್ಟಿದರೆ 6 ತಿಂಗಳಿಂದ 10 ವರ್ಷ. ದಂಡ ವಂಚನೆಯ ಮೊತ್ತಕ್ಕೆ ಕಡಿಮೆಯಿಲ್ಲದೆ ಮೂರು ಪಟ್ಟಿನವರೆಗೆ. ಆದರೆ ಇದನ್ನು ಹಿಡಿದು ಪೊಲೀಸ್ ಠಾಣೆಗೆ ಹೋಗಿ ಪ್ರಯೋಜನವಿಲ್ಲ. ಗಂಭೀರ ವಂಚನೆ ತನಿಖಾ ಕಚೇರಿಯ ನಿರ್ದೇಶಕರು ಅಥವಾ ಕೇಂದ್ರ ಸರ್ಕಾರ ಅಧಿಕಾರ ಕೊಟ್ಟವರು ದೂರು ಕೊಟ್ಟರಷ್ಟೇ ವಿಶೇಷ ನ್ಯಾಯಾಲಯ ಕೈಗೆತ್ತಿಕೊಳ್ಳುತ್ತದೆ. ನೀವು ಬರೆಯಬೇಕಾದ್ದು ಕಂಪೆನಿ ರಿಜಿಸ್ಟ್ರಾರರಿಗೆ. ಠಾಣೆಗೆ ಪಿಎಫ್ ನಂಬಿಕೆ ದ್ರೋಹದ ದೂರು ಸಾಕು.

ವಾಟ್ಸಾಪ್ ಸಂದೇಶಗಳ ಬರೀ ಸ್ಕ್ರೀನ್‌ಶಾಟ್ ನಿಲ್ಲುವುದಿಲ್ಲ. ಫೋನ್ ಇಟ್ಟುಕೊಂಡು ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಮಾಡಿಸಿ. ನ್ಯಾಯಮಂಡಳಿಗೆ ಹಾಕುವ ಮುಖ್ಯ ಅರ್ಜಿಯ ಜೊತೆಗೇ ಕಂಪೆನಿ ಕಾಯ್ದೆಯ ಸೆಕ್ಷನ್ 242(4)ರಲ್ಲಿ ಮಧ್ಯಂತರ ಆದೇಶವನ್ನೂ ಕೇಳಿ. ತಡವಾದರೆ ತೋಟದ ಮರ ಕಡಿದು ಮಾರಿರುತ್ತಾರೆ, ಜಾಗ ಅಡವಿಟ್ಟಿರುತ್ತಾರೆ.