ಓಡುವಾಗ ಸುಳ್ಳು ಹೇಳದ ವಾಚು: ಕಡಿಮೆ ಬೆಲೆಯಲ್ಲಿ ಆರಿಸುವುದು ಹೇಗೆ?

ಮೈಸೂರಿನ ಯಾವುದೇ ಮೊಬೈಲ್ ಅಂಗಡಿಗೆ ಹೋಗಿ ಸಾವಿರದೈನೂರು ರೂಪಾಯಿಯ ಸ್ಮಾರ್ಟ್‌ವಾಚಿನ ಡಬ್ಬಿಯನ್ನು ತಿರುಗಿಸಿ ನೋಡಿ. ನೂರು ಬಗೆಯ ಆಟ, ನಿದ್ದೆ, ರಕ್ತದ ಆಮ್ಲಜನಕ, ಮಾನಸಿಕ ಒತ್ತಡ, ಹವಾಮಾನ ಎಲ್ಲವೂ ಅದರಲ್ಲಿವೆ. ಒಂಬತ್ತು ಸಾವಿರ ಚಿಲ್ಲರೆಯ ಬೆಲೆಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಹೊಸ ಬೆಲೆ ಬರೆದಿರುತ್ತಾರೆ. ಡಬ್ಬಿ ಬಾಯಿಬಿಡದ ಸಂಗತಿ ಒಂದೇ: ನೀವು ಏದುಸಿರು ಬಿಡುತ್ತಿರುವಾಗ ಅದು ತೋರಿಸುವ ಹೃದಯ ಬಡಿತ ಎಷ್ಟು ನಿಜ? ವ್ಯಾಯಾಮಕ್ಕೆಂದು ವಾಚು ಕೊಳ್ಳುವವರು ಕೇಳಬೇಕಾದದ್ದು ಇದನ್ನೇ. ಉಳಿದದ್ದೆಲ್ಲ ಕೊಸರು.

ಮೊದಲು ನಿಮ್ಮ ವ್ಯಾಯಾಮವನ್ನು ನೋಡಿಕೊಳ್ಳಿ

ವಾಚಿನ ಹಿಂಬದಿಯಲ್ಲಿ ಮಿನುಗುವ ಹಸಿರು ಎಲ್‌ಇಡಿ ಚರ್ಮದೊಳಗೆ ಬೆಳಕು ಹಾಯಿಸುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಬಡಿತಕ್ಕೊಮ್ಮೆ ರಕ್ತ ನುಗ್ಗಿದಾಗ ಮರಳಿ ಬರುವ ಬೆಳಕು ಕಡಿಮೆಯಾಗುತ್ತದೆ, ಆಮೇಲೆ ಹೆಚ್ಚುತ್ತದೆ. ಈ ಏರಿಳಿತವನ್ನು ಎಣಿಸುವುದೇ ವಾಚಿನ ಕೆಲಸ. ಕೈ ಸುಮ್ಮನಿದ್ದರೆ ಅಗ್ಗದ ವಾಚೂ ಇದನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಕೈ ಬೀಸಿದಾಗ, ಮಣಿಕಟ್ಟು ಮಡಿಸಿದಾಗ ಲೆಕ್ಕ ತಪ್ಪುತ್ತದೆ.

ಹಾಗಾಗಿ ಕುಕ್ಕರಹಳ್ಳಿ ಕೆರೆಯ ಸುತ್ತ ಬಿರುನಡಿಗೆ ಹಾಕುವವರಿಗೆ ಎರಡೂವರೆ ಮೂರು ಸಾವಿರದ ಫಿಟ್‌ನೆಸ್ ಬ್ಯಾಂಡ್ ಧಾರಾಳವಾಗಿ ಸಾಕು. ಗರಡಿಮನೆಯಲ್ಲಿ ದಂಡ ಹೊಡೆಯುವವರಿಗೆ, ಜಿಮ್‌ನಲ್ಲಿ ಭಾರ ಎತ್ತುವವರಿಗೆ, ಸೂರ್ಯನಮಸ್ಕಾರ ಮಾಡುವವರಿಗೆ ಮಣಿಕಟ್ಟಿನ ವಾಚು ಎಷ್ಟು ದುಬಾರಿಯದಾದರೂ ಆಗಾಗ ಕೈಕೊಡುತ್ತದೆ. ಅಂಗೈ ಊರಿ ಮಣಿಕಟ್ಟು ಬಗ್ಗಿಸಿದೊಡನೆ ವಾಚು ಚರ್ಮದಿಂದ ಮೇಲೇಳುತ್ತದೆ. ಬಿಗಿಮುಷ್ಟಿ ಹಿಡಿದರೆ ಸ್ನಾಯು ಸೆಟೆದು ರಕ್ತದ ಓಟವೇ ಬದಲಾಗುತ್ತದೆ. ಇಂಥವರು ಎದೆಗೆ ಕಟ್ಟುವ ಪಟ್ಟಿಯನ್ನು ಕೊಳ್ಳುವುದೇ ಜಾಣತನ. ಅದು ಬೆಳಕನ್ನು ನಂಬದೆ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ಹೊರತಂದ ವೈರ್ ಇಲ್ಲದ ಬಡಿತಮಾಪಕಕ್ಕೂ ಇಂಥ ಎದೆಪಟ್ಟಿಯೇ ಇತ್ತು. ಇಂದು ಮೂರು ನಾಲ್ಕು ಸಾವಿರದ ಆಸುಪಾಸಿನಲ್ಲಿ ಸಿಗುವ ಪಟ್ಟಿಗಳು ಬ್ಲೂಟೂತ್ ಮೂಲಕ ಮೊಬೈಲಿಗೆ ನೇರವಾಗಿ ಲೆಕ್ಕ ಕೊಡುತ್ತವೆ, ವಾಚೇ ಬೇಕಿಲ್ಲ.

ಡಬ್ಬಿಯಲ್ಲಿ ಏನನ್ನು ಓದಬೇಕು

ವ್ಯಾಯಾಮದ ವೇಳೆ ಬಡಿತವನ್ನು ಎಡೆಬಿಡದೆ, ಅಂದರೆ ಸೆಕೆಂಡಿಗೊಮ್ಮೆಯಾದರೂ ಅಳೆಯುತ್ತದೆಯೇ ಎಂದು ವಿಚಾರಿಸಿ. ಹತ್ತು ನಿಮಿಷಕ್ಕೊಮ್ಮೆ ಇಣುಕುವ ವಾಚು ವ್ಯಾಯಾಮಕ್ಕಲ್ಲ. ಜಿಪಿಎಸ್ ವಾಚಿನೊಳಗೇ ಇದೆಯೇ, ಮೊಬೈಲಿನದನ್ನು ಎರವಲು ಪಡೆಯುತ್ತದೆಯೇ ಎಂಬುದರ ಮೇಲೆ ಬೆಲೆ ಏರಿಳಿಯುತ್ತದೆ. ಮೊಬೈಲ್ ಜೇಬಿನಲ್ಲಿಟ್ಟುಕೊಂಡೇ ಓಡುವವರು ಆ ಹಣ ಉಳಿಸಬಹುದು. ಈಜುವವರು 5 ಎಟಿಎಂ ಎಂಬ ಗುರುತನ್ನು ಹುಡುಕಲಿ. ಐಪಿ68 ಎಂದಷ್ಟೇ ಇದ್ದರೆ ಅದು ಬೆವರಿಗೆ, ಮಳೆಗೆ ಸರಿ, ಈಜುಕೊಳಕ್ಕೆ ಭರವಸೆಯಲ್ಲ. ಪಕ್ಕದಲ್ಲಿ ಒತ್ತುವ ಗುಂಡಿ ಇರಲಿ, ಬೆವರಿದ ಬೆರಳಿಗೆ ಸ್ಪರ್ಶಪರದೆ ಮಾತು ಕೇಳುವುದಿಲ್ಲ. ಪರದೆಯನ್ನು ಅಂಗಡಿಯ ದೀಪದಲ್ಲಿ ಮೆಚ್ಚಬೇಡಿ, ರಸ್ತೆಗೆ ಬಂದು ಬಿಸಿಲಿಗೆ ಹಿಡಿಯಿರಿ.

ಬೆರಳು ಚುಚ್ಚದೆ ಸಕ್ಕರೆ ಅಳೆಯುತ್ತೇನೆ ಎನ್ನುವ ವಾಚನ್ನು ಅಲ್ಲಿಯೇ ಬಿಟ್ಟು ಬನ್ನಿ. ಚರ್ಮ ಚುಚ್ಚದೆ ತಾವಾಗಿಯೇ ಸಕ್ಕರೆ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿದೆ. ಅಗ್ಗದ ವಾಚು ತೋರಿಸುವ ರಕ್ತದೊತ್ತಡವನ್ನು ನಂಬಿ ಮಾತ್ರೆ ಹೆಚ್ಚುಕಡಿಮೆ ಮಾಡಿಕೊಳ್ಳುವುದಂತೂ ಅಪಾಯ.

ಕೊಂಡ ವಾರದಲ್ಲೇ ಬೆಟ್ಟ ಹತ್ತಿ

ಮರಳಿಸುವ ಗಡುವು ಎಷ್ಟು ದಿನವೆಂದು ಬಿಲ್ಲು ಹಾಕಿಸುವಾಗಲೇ ಕೇಳಿಕೊಳ್ಳಿ. ಅಷ್ಟರೊಳಗೆ ಪರೀಕ್ಷೆ ಮುಗಿಯಬೇಕು. ಇದಕ್ಕೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿಗಿಂತ ಒಳ್ಳೆಯ ಜಾಗವಿಲ್ಲ. ಕಾರಣವಿದೆ. ಅಗ್ಗದ ವಾಚುಗಳು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ: ಕೈ ಬೀಸುವ ಲಯವನ್ನೇ ನಾಡಿಯ ಲಯವೆಂದು ಬಗೆದು ಹೆಜ್ಜೆಯನ್ನು ಎಣಿಸಿ ಕೊಡುತ್ತವೆ. ಸಮತಟ್ಟಿನಲ್ಲಿ ಓಡುವವರ ಹೆಜ್ಜೆ ನಿಮಿಷಕ್ಕೆ ನೂರಾ ಅರವತ್ತರ ಆಚೀಚೆ, ನಾಡಿಯೂ ಅದರ ಹತ್ತಿರವೇ ಇರಬಹುದು. ಕಳ್ಳತನ ಗೊತ್ತಾಗುವುದೇ ಇಲ್ಲ. ಮೆಟ್ಟಿಲು ಹತ್ತುವಾಗ ಹೆಜ್ಜೆ ನಿಧಾನ, ನಾಡಿ ಜೋರು. ಇಳಿಯುವಾಗ ಹೆಜ್ಜೆ ಚುರುಕು, ನಾಡಿ ತಗ್ಗು. ಹತ್ತುವಾಗ ಎಂಬತ್ತು ತೊಂಬತ್ತು ತೋರಿಸಿ ಇಳಿಯುವಾಗ ಮೇಲೇರುವ ವಾಚು ಎಣಿಸಿದ್ದು ನಿಮ್ಮ ಕಾಲನ್ನು.

ನಂದಿಯ ಬಳಿ ನಿಲ್ಲಿ. ನಿಂತ ಕ್ಷಣವೇ ವಾಚಿನ ಅಂಕಿ ನೋಡಿಕೊಂಡು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿಗೆ ಎರಡು ಬೆರಳಿಟ್ಟು ಹದಿನೈದು ಸೆಕೆಂಡು ನಾಡಿ ಎಣಿಸಿ, ನಾಲ್ಕರಿಂದ ಗುಣಿಸಿ. ತಡಮಾಡಿದರೆ ನಾಡಿ ಸರಸರನೆ ಇಳಿದುಬಿಡುತ್ತದೆ. ಐದಾರರ ವ್ಯತ್ಯಾಸ ಕ್ಷಮ್ಯ. ಮತ್ತೆ ಮತ್ತೆ ಇಪ್ಪತ್ತು ಮೂವತ್ತು ಹೆಚ್ಚುಕಡಿಮೆ ಬಂದರೆ ವಾಪಸ್ಸು ಕೊಡಿ. ಮಂಡ್ಯದ ಕಡೆಯವರಿಗೆ ಮೇಲುಕೋಟೆಯ ಯೋಗಾನರಸಿಂಹಸ್ವಾಮಿ ಬೆಟ್ಟವಿದೆ. ಅಷ್ಟು ದೂರ ಬೇಡವೆಂದರೆ ಕ್ರೀಡಾಂಗಣದ ಗ್ಯಾಲರಿ ಮೆಟ್ಟಿಲೂ ಆದೀತು.

ಬಾಳೆಹಣ್ಣಿಗೆ ವಾಚು ಕಟ್ಟಿ ಬಡಿತ ತೋರಿಸಿತೆಂದು ನಗುವ ವಿಡಿಯೊಗಳನ್ನು ನೀವು ನೋಡಿರಬಹುದು. ಬೇಕಾದರೆ ಮಾಡಿ ನೋಡಿ, ಆದರೆ ನಂಜನಗೂಡು ರಸಬಾಳೆಯನ್ನು ಇದಕ್ಕೆ ಹಾಳುಮಾಡಬೇಡಿ, ಪಚ್ಚಬಾಳೆ ಸಾಕು. ಬೆಳಕು ಯಾವುದರಿಂದ ಮರಳಿದರೂ ಅದರಲ್ಲಿ ಲಯ ಹುಡುಕುವುದು ಈ ಸೆನ್ಸರಿನ ಸ್ವಭಾವ. ಒಳ್ಳೆಯ ವಾಚೂ ಮೋಸಹೋಗುತ್ತದೆ. ಅದರಿಂದ ವಾಚು ಕೆಟ್ಟದ್ದೆಂದು ತೀರ್ಮಾನಿಸಲಾಗದು.

ವಾಪಸ್ಸು ಕೊಡುವ ಮೊದಲು ಕಟ್ಟಿಕೊಂಡ ರೀತಿಯನ್ನೂ ನೋಡಿ. ಮಣಿಕಟ್ಟಿನ ಮೂಳೆಯ ಮೇಲಲ್ಲ, ಅದಕ್ಕಿಂತ ಎರಡು ಬೆರಳು ಮೇಲಕ್ಕೆ, ಮೊಣಕೈ ಕಡೆಗೆ, ಜಾರದಷ್ಟು ಬಿಗಿಯಾಗಿ ಇರಬೇಕು. ಹಚ್ಚೆಯ ಮೇಲೆ ಕಟ್ಟಿದರೆ ಶಾಯಿ ಬೆಳಕನ್ನು ತಡೆಯುತ್ತದೆ. ಡಿಸೆಂಬರಿನ ಚಳಿಯಲ್ಲಿ ಚರ್ಮಕ್ಕೆ ರಕ್ತ ಬರುವುದು ಕಡಿಮೆ, ಮೈ ಬಿಸಿಯಾಗುವವರೆಗೆ ಅಂಕಿ ಎತ್ತೆತ್ತಲೋ ಹೋಗುತ್ತದೆ.

ಆ್ಯಪ್‌ನಲ್ಲಿ ವಯಸ್ಸು

ಹುಟ್ಟಿದ ವರ್ಷವನ್ನು ಸರಿಯಾಗಿ ತುಂಬಿ. ಹಗುರ, ಮಧ್ಯಮ, ತೀವ್ರ ಎಂದು ವಾಚು ವಿಂಗಡಿಸುವುದು ಸಾಮಾನ್ಯವಾಗಿ 220ರಿಂದ ವಯಸ್ಸು ಕಳೆದ ಗರಿಷ್ಠ ಬಡಿತದ ಮೇಲೆ. ನಲವತ್ತೈದರವರಿಗೆ ಅದು 175. ಅದರ ಶೇ 50ರಿಂದ 70, ಅಂದರೆ ಸುಮಾರು 88ರಿಂದ 122ರವರೆಗೆ ಮಧ್ಯಮ ವ್ಯಾಯಾಮ. ವಯಸ್ಸಿನ ಶೇ 70 ಭಾಗವನ್ನು 208ರಿಂದ ಕಳೆಯುವ ಇನ್ನೊಂದು ಸೂತ್ರವಿದೆ. ಅರವತ್ತರವರಿಗೆ ಮೊದಲನೆಯದು 160 ಎಂದರೆ ಇದು 166 ಎನ್ನುತ್ತದೆ. ಎರಡೂ ಸರಾಸರಿಯ ಲೆಕ್ಕವೇ.

ರಕ್ತದೊತ್ತಡಕ್ಕೋ ಹೃದಯಕ್ಕೋ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ಈ ಎರಡೂ ಹೊಂದುವುದಿಲ್ಲ. ಆ ಮಾತ್ರೆ ಬಡಿತವನ್ನು ತಡೆದು ಹಿಡಿಯುವುದರಿಂದ, ಮೈ ದಣಿದರೂ ವಾಚು ‘ಹಗುರ’ ಎಂದೇ ತೋರಿಸೀತು. ಎಷ್ಟು ಬಡಿತದವರೆಗೆ ಹೋಗಬಹುದೆಂದು ವೈದ್ಯರನ್ನು ಕೇಳಿ, ಆ್ಯಪ್‌ನಲ್ಲಿ ಗರಿಷ್ಠ ಬಡಿತವನ್ನು ಕೈಯಾರೆ ನಮೂದಿಸುವ ಅವಕಾಶವಿದ್ದರೆ ಆ ಅಂಕಿಯನ್ನೇ ಹಾಕಿಕೊಳ್ಳಿ.